ಮೆಲ್ಬರ್ನಿನ ಇಂಗ್ಲಿಷು

ಹರಿಹರ
ಆಗಸ್ಟ್ ೧೯೯೮

ವಾಣಿಯವರಿಗೆ,

ಭಾನುವಾರ ದಾವಣಗೆರೆಯ ನಿಮ್ಮ ಮನೆಯಿಂದ ಊಟಕ್ಕೂ ನಿಲ್ಲದೆ ಎದ್ದು ಬಂದದ್ದು ತಲೆನೋವಿನಿಂದಲ್ಲ. ನಿಮ್ಮ ತಾಯಿಯವರಿಗೆ ಮಾತ್ರ ಅದು ತಲೆನೋವಾಗಿಯೇ ಇರಲಿ.

ಮೆಲ್ಬರ್ನಿನಿಂದ ಬಂದಿರುವ ನಿಮ್ಮ ಸೋದರಮಾವನ ಮಗ ಮಹಾಂತೇಶ್ ಬಾಗಿಲಲ್ಲೇ ಕೈ ಕುಲುಕಿ, "ಹೌ ಯೂ ಗೋಯಿಂಗ್, ಮೇಟ್?" ಎಂದರು. ಊರಿಗೆ ಹೇಗೆ ಹೋಗುತ್ತೀರಿ ಎಂದು ಕೇಳಿದರೆಂದು ತಿಳಿದು "ಬೈ ಬಸ್" ಎಂದೆ. ಮನೆಯವರೆಲ್ಲ ನಕ್ಕರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಅದು ಅವಮಾನವೇ, ಆದರೂ ನುಂಗಿಕೊಂಡೆ. ನೀವು ಹತ್ತಿರ ಬಂದು, "ಅಲ್ಲಿ ಹೆಂಗದೀರಿ ಅನ್ನಾಕೆ ಹಂಗಂತಾರ್ರಿ" ಎಂದು ಬಿಡಿಸಿ ಹೇಳಿದಿರಲ್ಲ, ಅದನ್ನು ನುಂಗಲಾಗಲಿಲ್ಲ. ಅವರು ಬಂದು ವಾರ ಕಳೆದಿಲ್ಲ, ಆಗಲೇ ಮಧ್ಯಾಹ್ನಕ್ಕೆ 'ಆರ್ವೋ' ಎನ್ನುತ್ತೀರಿ, ಬಿಸ್ಕತ್ತಿಗೆ 'ಬಿಕ್ಕಿ' ಎನ್ನುತ್ತೀರಿ. ನಮ್ಮ ನಿಶ್ಚಿತಾರ್ಥವಾಗಿ ಇಷ್ಟು ದಿನವಾದರೂ ನನ್ನದೊಂದು ಮಾತೂ ನಿಮ್ಮ ಬಾಯಿಗೆ ಹತ್ತಿಲ್ಲ.

ಒಳಗೆ ನಿಮ್ಮ ಅಜ್ಜಿ, "ಈ ಹುಡುಗ ಸ್ವಲ್ಪ ಮೊದ್ಲೇ ಬಂದಿದ್ರೆ ಹೆಂಗಿರ್ತಿತ್ತು" ಎಂದದ್ದು ನನಗೂ ಕೇಳಿಸಿತು. ಪಕ್ಕದಲ್ಲಿದ್ದ ನೀವು ಏನೂ ಹೇಳಲಿಲ್ಲ. ಆಗಲೇ ನನಗೆ ತಲೆನೋವು ಬಂದದ್ದು.

ಶನಿವಾರ ಹರಿಹರಕ್ಕೆ ಬನ್ನಿ. ಜೊತೆಗೆ ನಿಮ್ಮ ತಂಗಿಯನ್ನು ಕರೆತನ್ನಿ, ಮಹಾಂತೇಶ್ ಬೇಡ. ಹೊಳೆದಂಡೆಯಲ್ಲಿ ಕೂತು ಮಾತಾಡೋಣ. ಈ ಮದುವೆ ನಿಮಗೆ ಮನಸ್ಸಿನಿಂದ ಬೇಕೇ ಎಂದು ಕೇಳಬೇಕಾಗಿದೆ. ಬೇಡವೆಂದಾದರೆ ಯಾವ ದೇಶದ ಮಾತಿನಲ್ಲಿ ಹೇಳಿದರೂ ನನಗೆ ಅರ್ಥವಾಗುತ್ತದೆ.

ನಿಮ್ಮ ದಾರಿ ಕಾಯುವ,
ರುದ್ರಮುನಿ