ಎರವಲು: ಸೊನ್ನೆ

ಮಾರ್ಚ್ 3
ಅನುವಾದಗಳ ಕಪಾಟು ಪೂರ್ತಿ ಕಂಪ್ಯೂಟರಿಗೆ ಏರಿತು. ಇನ್ನು ಓದುಗರು ಮನೆಯಿಂದಲೇ ನಮ್ಮ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಪುಸ್ತಕ ಹುಡುಕಿ ಕಾದಿರಿಸಬಹುದು. ಅಕ್ಕನ ಕಾದಂಬರಿಯೂ ಸೇರಿದೆ — ಅವಳು ಅನುವಾದಿಸಿದ ಒಂದೇ ಒಂದು. ತನ್ನ ಪ್ರತಿಯನ್ನು ಯಾರಿಗೋ ಕೊಟ್ಟು ಕಳೆದುಕೊಂಡಳು. ಗ್ರಂಥಾಲಯದ್ದೊಂದೇ ಉಳಿದಿರುವುದು.

ಕಾಯಿಲೆಯಾಗಿ ನನ್ನ ಮನೆಗೆ ಬಂದಾಗಿನಿಂದ ಅಕ್ಕ ಮಂಚ ಬಿಟ್ಟಿಲ್ಲ. ಮೊಬೈಲಿನಲ್ಲಿ ತೋರಿಸಿದೆ. ದಿಂಬಿಗೊರಗಿ ಕೂತಳು.
“ಎಷ್ಟು ಜನ ತಗೊಂಡ್ರು ಅಂತ ಇದ್ರಲ್ಲಿ ತೋರಿಸುತ್ತಾ?”
“ಅದು ನಮಗೆ ಮಾತ್ರ ಕಾಣೋದು.”
“ಹಾಗಾದ್ರೆ ನೋಡಿ ಹೇಳು. ಸುಳ್ಳು ಬೇಡ. ನಿನ್ನ ಮುಖಕ್ಕೆ ಸುಳ್ಳು ಒಗ್ಗಲ್ಲ.”

ಮಾರ್ಚ್ 9
ನೋಡಲಿಲ್ಲ. ಗೊತ್ತು — ಸೊನ್ನೆ. ಹನ್ನೊಂದು ಸಲ ತಂದು ಓದಿದವಳು ನಾನೊಬ್ಬಳೇ. ಗ್ರಂಥಾಲಯದ ಬೀಗದ ಕೈ ನನ್ನ ಬಳಿಯೇ ಇದೆಯಲ್ಲ ಅಂತ ಒಮ್ಮೆಯೂ ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಅಕ್ಕನಿಗೂ ಹೇಳಿಲ್ಲ. ಪುಸ್ತಕ ಬಂದ ದಿನ ಎರಡು ಅಚ್ಚಿನ ತಪ್ಪು ತೋರಿಸಿದ್ದೆ, ಅಷ್ಟೇ. ಚೆನ್ನಾಗಿದೆ ಅನ್ನಲು ನಾಲಿಗೆ ಏಳಲಿಲ್ಲ.

ಮಾರ್ಚ್ 27
ಕೇಂದ್ರ ಕಚೇರಿಯಿಂದ ಪಟ್ಟಿ. ಹತ್ತು ವರ್ಷ ಯಾರೂ ಒಯ್ಯದ 340 ಪುಸ್ತಕ ಗುಜರಿಗೆ ಹಾಕಲು. ಕಂಪ್ಯೂಟರ್ ಮೇಜುಗಳಿಗೆ ಜಾಗ ಬೇಕಂತೆ. ಹೆಸರಿಲ್ಲ, ಬರೀ ಸಂಖ್ಯೆ. ಹಳೆಯ ವಾರ್ಷಿಕ ವರದಿಗಳಿರಬೇಕು… ಅಕ್ಕನನ್ನು ಡಾಕ್ಟರ ಬಳಿ ಕರೆದೊಯ್ಯುವ ಅವಸರ. ‘ಒಪ್ಪಿಗೆ’ ಒತ್ತಿದೆ.

ಏಪ್ರಿಲ್ 6
ಐದು ದಿನ ರಜೆ. ಇಂದು ಹೋದರೆ ಅನುವಾದಗಳ ಕಪಾಟೇ ಇಲ್ಲ. ಗುಜರಿಯವನ ಬಳಿ ಓಡಿದೆ.
“ನಿನ್ನೆನೇ ಲೋಡು ಹೋಯ್ತಮ್ಮ. ನಾವು ಹೆಸರೆಲ್ಲಿ ನೋಡ್ತೀವಿ, ತೂಕ ನೋಡ್ತೀವಿ.”

ಏಪ್ರಿಲ್ 8
ಅಕ್ಕ ತಾನೇ ಮೊಬೈಲಿನಲ್ಲಿ ಹುಡುಕಿದ್ದಾಳೆ.
“ನನ್ನ ಪುಸ್ತಕ ಕಾಣ್ತಿಲ್ಲ ಕಣೇ.”
ಇದ್ದದ್ದು ಹೇಳಿದೆ. ಒತ್ತಿದವಳು ನಾನೇ ಅಂತಲೂ.
“ಒಬ್ಬರೂ ಓದ್ಲಿಲ್ಲ ಅಂತಾಯ್ತು. ಇಪ್ಪತ್ತು ವರ್ಷ ನಿಲ್ಲೋಕೆ ಜಾಗ ಕೊಟ್ಟಿದ್ರಲ್ಲ, ಅದೇ ದೊಡ್ಡದು ಬಿಡು.”
ನಕ್ಕಳು. ಆಮೇಲೆ ಗೋಡೆಯ ಕಡೆ ತಿರುಗಿದಳು.
ನಾನು ಓದಿದ್ದೆ ಅಂದರೆ ಈಗ ಸಮಾಧಾನದ ಮಾತಿನಂತೆ ಕೇಳುತ್ತದೆ. ನಾಳೆ ಹೇಳುತ್ತೇನೆ.

ಏಪ್ರಿಲ್ 19. ಆಸ್ಪತ್ರೆ, ಮಧ್ಯಾಹ್ನ 3
ನಾಳೆ, ನಾಳೆ ಅಂತ ಹತ್ತು ದಿನ ಕಳೆದೆ. ಬೆಳಿಗ್ಗೆಯಿಂದ ಅಕ್ಕ ಕಣ್ಣು ಬಿಟ್ಟಿಲ್ಲ. ಮಾತಾಡಿಸಿ, ಕೇಳಿಸಿದರೂ ಕೇಳಿಸೀತು ಅಂದರು ಡಾಕ್ಟರು.

ಕಿವಿಯ ಬಳಿ ಬಗ್ಗಿ ಅವಳ ಕಾದಂಬರಿ ಶುರು ಮಾಡಿದೆ. ನೆನಪಿನಿಂದ. ಮೊದಲ ಪುಟ, ಎರಡನೆಯದು. ಒಂದು ಪದ ತಪ್ಪಲಿಲ್ಲ. ಮೂರನೆಯ ಪುಟದ ನಡುವೆ ನರ್ಸ್ ನನ್ನ ಭುಜ ಮುಟ್ಟಿದರು.
“ಸಾಕಮ್ಮ. ಉಸಿರು ನಿಂತಿದೆ.”
ಆ ಪ್ಯಾರಾ ಮುಗಿಯಲು ಇನ್ನೆರಡೇ ವಾಕ್ಯ ಇತ್ತು. ಅದನ್ನೂ ಹೇಳಿ ಮುಗಿಸಿದೆ.