ರಸ್ತೆಗೆ ಬೆನ್ನು ಹಾಕಿ ಹೇಳಿದ ಕಥೆ

ಹನ್ನೆರಡನೇ ತಾರೀಖು, ಮಂಗಳವಾರ

ಹೌದು, ನರ್ಸಮ್ಮನ ಬಸ್ಸು ತಪ್ಪಿಸಿದ ಮಹಾಪಾಪಿ ನಾನೇ! ಆಸ್ಪತ್ರೆ ಕೆಲಸದಿಂದ ನಿವೃತ್ತರಾದವರು, ರೈಲಿನಲ್ಲಿ ಪರಿಚಯವಾಗಿ, ಹನ್ನೊಂದು ದಿನದಿಂದ ನನ್ನ ಜೊತೆ ಸಣ್ಣ ಸಣ್ಣ ಊರು ಸುತ್ತುತ್ತಿದ್ದವರು. "ಈ ವಯಸ್ಸಲ್ಲಿ ಬೆನ್ನಿಗೆ ಚೀಲ ಕಟ್ಕೊಂಡು ತಿರುಗ್ತೀಯಾ? ಮನೆಗೆ ಬಾ" ಎಂದು ಅವರಣ್ಣ ಫೋನಿನಲ್ಲಿ ಗದರಿದ್ದಕ್ಕೆ ಇವತ್ತು ಹೊರಟು ನಿಂತಿದ್ದರು.

ಸಪ್ಪೆ ಮುಖದಲ್ಲಿ ಬೀಳ್ಕೊಡುವುದು ನನ್ನ ಜಾಯಮಾನವಲ್ಲ. ನಿಲ್ದಾಣದಲ್ಲಿ ಅವರು ಕೂತಿದ್ದ ಬೆಂಚಿನ ಮುಂದೆ ನಿಂತು, ನಮ್ಮ ಕಂಪನಿ ನಾಟಕದಲ್ಲಿ ಒಮ್ಮೆ ಸಿಂಹಾಸನ ಮುರಿದು ರಾಜ ಬಿದ್ದ ಕಥೆ ಎತ್ತಿಕೊಂಡೆ. ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದೆಂದು ಕಲಿತವನು. ಹಾಗಾಗಿ ಅವರತ್ತ ಮುಖ, ರಸ್ತೆಗೆ ಬೆನ್ನು. ನನ್ನ ಗಂಟಲಿನ ಮುಂದೆ ಕಂಡಕ್ಟರನ ಸೀಟಿ ಯಾವ ಲೆಕ್ಕ! ಕಥೆಯ ಕೊನೆಗೆ ರಾಜನ ಕಿರೀಟ ಉರುಳಿಸಿ ತಿರುಗಿ ನೋಡಿದರೆ ಬಸ್ಸು ತಿರುವು ದಾಟುತ್ತಿತ್ತು.

"ತಪ್ಪಾಯ್ತಮ್ಮಾ, ಕಾಲಿಗೆ ಬೀಳ್ತೀನಿ!"

"ನಾಟಕ ಸಾಕು ಕಣಯ್ಯಾ. ನಾನು ರಸ್ತೆ ಕಡೆಗೇ ಮುಖ ಮಾಡಿ ಕೂತಿದ್ದೆ. ಬಸ್ಸು ಬಂದಿದ್ದೂ ನೋಡ್ದೆ, ಹೋಗಿದ್ದೂ ನೋಡ್ದೆ."

ಅಲ್ಲೇ ಅಣ್ಣನಿಗೆ ಫೋನು ಮಾಡಿದರು. "ಬರ್ತೀನಿ ಅಣ್ಣ, ತಿರುಗಿ ಸಾಕಾದ್ಮೇಲೆ."

ಮೂವತ್ತು ವರ್ಷ ರಂಗದ ಮೇಲೆ ಗರ್ಜಿಸಿದವನು ನಾನು. ಅಷ್ಟು ಮೆಲ್ಲಗೆ ಆಡಿದ ಮಾತಿಗೆ ಮೈ ಜುಮ್ಮೆಂದಿತು. ನಾಳೆ ಯಾವ ಊರೆಂದು ಅವರೇ ಹೇಳುತ್ತಾರಂತೆ. ಯಾವುದಾದರೂ ಸರಿ, ನಾನಂತೂ ಬೆನ್ನಿಗೆ ಚೀಲ ಕಟ್ಟಿಕೊಂಡು ಅವರ ಹಿಂದೆಯೇ.