ಹೆಣ ತೊಳೆಯುವವಳ ನಗು

ಹುಬ್ಬಳ್ಳಿ,
ಫೆಬ್ರವರಿ ೩೦, ೨೧೭೩

ಸುಗಂಧಜ್ಜಿ,

ತಾರೀಖು ನೋಡಿ ನಗಬೇಡ. ಏರುಪೇರು ಕಂಡರೆ ನಮ್ಮ ಕಾಲದವರಿಗೆ ತಲೆನೋವು, ಹಾಗಾಗಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿಟ್ಟಿದ್ದಾರೆ. ಕಾಲದ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ಕೈಸೇರುವಾಗ ನಿನಗಿನ್ನೂ ಇಪ್ಪತ್ತಾರು, ಬರೆಯುತ್ತಿರುವ ನನಗೆ ಐವತ್ತೆಂಟು. ಆದರೂ ನೀನು ನನ್ನ ಮುತ್ತಜ್ಜಿಯ ತಾಯಿ, ಅಜ್ಜಿ ಎನ್ನದೆ ಬೇರೇನೆನ್ನಲಿ? ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು.

ಗದಗದಿಂದ ಮುಂಬೈಗೆ ಹೋಗಿ ನಾಲ್ಕೇ ವರ್ಷದಲ್ಲಿ ಹಿಂದಿ ಸಿನಿಮಾದಲ್ಲಿ ನೀನು ಏನೇನೆಲ್ಲ ಆದೆ! ಮೊದಲ ಚಿತ್ರದಲ್ಲಿ ಗಲ್ಲದ ಗುಳಿ ತೋರಿಸಿ ನಗುವ ನಾದಿನಿ. ಆಮೇಲೆ ಜೇಬುಗಳ್ಳಿ, ಲಂಚಕೋರ ಇನ್ಸ್‌ಪೆಕ್ಟರ್, ಮಾತು ಬಾರದ ಕುಸ್ತಿಪಟು. ಒಂದರ ಹಾಗೆ ಇನ್ನೊಂದಿಲ್ಲ. ಅಷ್ಟನ್ನೂ ಹಾಳು ಮಾಡುವುದೇ ನನ್ನ ನೌಕರಿ.

ನಮ್ಮ ಕಚೇರಿಗೆ ಹದಖಾನೆ ಎನ್ನುತ್ತಾರೆ. ಹಳೆಯ ಚಿತ್ರಗಳನ್ನು ಈಗಿನವರಿಗೆ ರುಚಿಸುವ ಹದಕ್ಕೆ ತರುವ ಜಾಗ. ಪ್ರತಿಯೊಬ್ಬ ಕಲಾವಿದರಿಗೂ ಒಂದು ‘ಒಗ್ಗುಮುಖ’ ಇರುತ್ತದೆ, ಅಂದರೆ ಜನ ಮೊದಲು ಮೆಚ್ಚಿದ ಮುಖ. ಅವರ ಉಳಿದ ಪಾತ್ರಗಳಿಗೂ ಅದನ್ನೇ ಹಚ್ಚಬೇಕು. ನಿನ್ನದು ನಾದಿನಿಯ ನಗು. ಈಗ ನಿನ್ನ ಜೇಬುಗಳ್ಳಿ ಗುಳಿ ಬೀಳಿಸಿಕೊಂಡೇ ಒದೆ ತಿನ್ನುತ್ತಾಳೆ. ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಮನೆಮನೆಯ ಗೋಡೆಯ ಮೇಲೆ ಜನ ಅದನ್ನು ನೋಡುತ್ತಾರೆ. ನೀನು ಹಾಗೆ ನಟಿಸಿರಲಿಲ್ಲ ಎಂಬ ಅನುಮಾನ ಯಾರಿಗೂ ಇಲ್ಲ. “ನಿಮ್ಮಜ್ಜಿ ಎಷ್ಟ್ ಛಂದ ನಗತಿದ್ದರ್ರೀ!” ಎಂದು ಪಕ್ಕದ ಮನೆಯವಳು ಹೊಗಳುತ್ತಾಳೆ. ಥೂ!

ಮೊನ್ನೆಯವರೆಗೆ ಹದಕ್ಕೆ ಬರದೆ ಉಳಿದದ್ದು ನಿನ್ನ ಐದನೆಯ ಚಿತ್ರವೊಂದೇ. ಅದರಲ್ಲಿ ನೀನು ಶವಾಗಾರದಲ್ಲಿ ಹೆಣ ತೊಳೆಯುವ ಹೆಂಗಸು. ಒಂದು ದಿನ ಅವಳ ಮುಂದೆ ಬರುವುದು ಹನ್ನೆರಡು ವರ್ಷ ಅವಳನ್ನು ಬಡಿದ ಗಂಡನ ಹೆಣ. ಅವನ ಕೈ ತೊಳೆಯುವಾಗ ನಿನ್ನ ಮುಖದಲ್ಲಿ ಏನೋ ಬಂದುಹೋಗುತ್ತದೆ. ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಅತ್ತೆ.

ಇದೊಂದನ್ನು ಬಿಟ್ಟುಬಿಡಿ ಎಂದು ಮೇಲಧಿಕಾರಿ ಚನ್ನವೀರಪ್ಪನವರನ್ನು ಬೇಡಿಕೊಂಡೆ. “ಬಾಯಾಗ ಬೆಲ್ಲ ಇಟ್ರ ಜನ ಬ್ಯಾಡ ಅಂತಾರೇನ್ರೀ? ಬೇವು ಯಾರಿಗ್ ಬೇಕ್ರೀ ಅಕ್ಕಾರ?” ಎಂದರು. ಕೆಲಸ ಬಿಟ್ಟು ಎದ್ದು ಬರಬಹುದಿತ್ತು. ನಿವೃತ್ತಿಗೆ ಎರಡೇ ವರ್ಷವಿದೆ ಎಂದು ಕೂತೆ. ನಿನ್ನೆ ಮಧ್ಯಾಹ್ನ ಊಟಕ್ಕೆ ಮೊದಲೇ ಮುಗಿಸಿದೆ. ನೀನೀಗ ಆ ಹೆಣವನ್ನು ಕಿಲಕಿಲ ನಗುತ್ತ ತೊಳೆಯುತ್ತೀ. ನನ್ನ ಕೈ ನೋಡಿಕೊಂಡರೆ ನನಗೇ ಹೇಸಿಗೆ. ಆ ಕೈಯಲ್ಲೇ ಊಟವನ್ನೂ ಮಾಡಿದೆ.

ಮೂಲಪ್ರತಿಯನ್ನು ಅಳಿಸಿಯಾಯಿತು, ಕಾಯಿದೆ ಹಾಗಿದೆ. ಆದರೆ ನಿನ್ನ ಕಾಲದಲ್ಲಿ ಆ ದೃಶ್ಯದ ಚಿತ್ರೀಕರಣ ಮುಂದಿನ ತಿಂಗಳು. ಕೈಮುಗಿದು ಕೇಳುತ್ತೇನೆ ಅಜ್ಜಿ, ಮುಖದ ಕ್ಲೋಸಪ್ ಬೇಕೆಂದು ನಿರ್ದೇಶಕ ಎಷ್ಟೇ ಕೂಗಾಡಲಿ, ಒಪ್ಪಬೇಡ. ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಿಂತು ತೊಳೆ. ಆ ಮುಖ ಯಾರಿಗೂ ಸಿಗದಿರಲಿ, ನನಗೂ ಸಿಗದಿರಲಿ. ಬೆನ್ನಿಗೆ ನಗು ಹಚ್ಚುವುದು ನಮಗಿನ್ನೂ ಬಂದಿಲ್ಲ.

ನಿನ್ನ ಮೊಮ್ಮಗಳ ಮೊಮ್ಮಗಳು,
ರುದ್ರಾಂಬಿಕೆ